ಶಾಲೆಯ ಫಾರ್ಮಿನಲ್ಲಿ ಯಾರ ನಂಬರು? ನಮ್ಮ ಮನೆಯದೇ ಒಂದು ಪ್ರಕರಣ

2024ರ ಫೆಬ್ರುವರಿ 20, ಮಂಗಳವಾರ. ನನ್ನಂಥ ತೆರಿಗೆ ಲೆಕ್ಕದವರಿಗೆ ಪ್ರತಿ ತಿಂಗಳ 20 ಅಂದರೆ ಜಿಎಸ್‌ಟಿ 3ಬಿ ಎಂಬ ತಿಂಗಳ ರಿಟರ್ನ್ ತುಂಬುವ ಕೊನೆಯ ದಿನ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಅವತ್ತು ಬೆಳಗ್ಗೆ ಒಂಬತ್ತರಿಂದ ತಲೆ ಎತ್ತಿರಲಿಲ್ಲ. ಎರಡು ಸಲ ಚಹಾಕ್ಕೆ ಮಾತ್ರ ಹೊರಗೆ ಹೋಗಿದ್ದೆ.

ಅದೇ ಹೊತ್ತಿಗೆ ವಿದ್ಯಾಗಿರಿಯ ಒಂದು ಶಾಲೆಯ ಆಫೀಸ್ ರೂಮಿನ ಬೆಂಚಿನ ಮೇಲೆ ನನ್ನ ಮಗ ಜ್ವರದಲ್ಲಿ ಮಲಗಿದ್ದ. ಯುಕೆಜಿ ಹುಡುಗ. ಹನ್ನೊಂದೂಕಾಲಕ್ಕೆ ವಾಂತಿ ಮಾಡಿಕೊಂಡನಂತೆ. ಆಯಾ ಹಣೆಗೆ ಒದ್ದೆ ಕರ್ಚೀಫು ಹಾಕಿದರು. ಟೀಚರು ಮನೆಗೆ ಫೋನ್ ಹಚ್ಚಿದರು. ಮೊದಲ ನಂಬರು ನನ್ನ ಹೆಂಡತಿಯದು. ಅವಳು ಹಳೇ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅವತ್ತು ಎಂಟರಿಂದ ಎರಡರವರೆಗಿನ ಡ್ಯೂಟಿ. ವಾರ್ಡಿಗೆ ಫೋನ್ ಒಯ್ಯುವ ಹಾಗಿಲ್ಲ, ಲಾಕರಿನಲ್ಲಿ ಇಡಬೇಕು. ಏಳು ಸಲ ರಿಂಗಾಯಿತು. ಎರಡನೇ ನಂಬರು ನನ್ನ ಅಪ್ಪನದು. ಅಪ್ಪ ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು.

ಮೂರನೇ ನಂಬರು ಫಾರ್ಮಿನಲ್ಲಿ ಇರಲೇ ಇಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಲಾಕರ್ ತೆಗೆದು ನೋಡಿ, ಆಟೋ ಹಿಡಿದು ಓಡಿದಳು. ಅಲ್ಲಿಯವರೆಗೆ, ಹೆಚ್ಚುಕಡಿಮೆ ಮೂರು ತಾಸು, ಹುಡುಗ ಆ ಬೆಂಚಿನ ಮೇಲಿದ್ದ. ನನ್ನ ಆಫೀಸಿನಿಂದ ಶಾಲೆಗೆ ಬೈಕಿನಲ್ಲಿ ಎಂಟು ನಿಮಿಷದ ದಾರಿ.

ಶಾಲೆಯವರ ಮೇಲೆ ಸಿಟ್ಟಿಗೇಳಲು ನನಗೆ ದಾರಿಯೇ ಇರಲಿಲ್ಲ. ಅವರು ಫಾರ್ಮಿನಲ್ಲಿದ್ದ ಎರಡೂ ನಂಬರಿಗೆ ಮಾಡಿದ್ದರು. ಫಾರ್ಮು ತುಂಬಿದವನು ನಾನು, ಅಕ್ಷರವೂ ನನ್ನದೇ. ನಂಬರು ಬರೆಯುವಾಗ ನಾನು ಅಂದಿದ್ದ ಮಾತೂ ನೆನಪಿದೆ: "ನಂದು ಬ್ಯಾಡ. ಪಾರ್ಟಿಗಳ ಫೋನ್ ಬರ್ತಿರ್ತಾವ, ಯಾವಾಗ್ಲೂ ಬ್ಯುಸಿ ಇರತೈತಿ." ಅವಳ ಫೋನು ಬ್ಯುಸಿ ಇರಲ್ಲ, ಲಾಕರಿನಲ್ಲಿರುತ್ತದೆ ಅನ್ನೋದು ತಲೆಗೆ ಹೊಳೆದಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅಪ್ಪನ ನಂಬರನ್ನು ಬಂದ್ ಮಾಡಿಸಲು ಅವ್ವ ಬಿಟ್ಟಿರಲಿಲ್ಲ. ಸ್ವಿಚ್ ಆಫ್ ಮಾಡಿದ ಆ ಫೋನು ಅವಳ ಟ್ರಂಕಿನಲ್ಲಿ ಅಪ್ಪನ ಧೋತರದ ಜೊತೆಗಿತ್ತು. 84 ದಿನಕ್ಕೊಮ್ಮೆ ಅದಕ್ಕೆ ರೀಚಾರ್ಜ್ ಮಾಡುತ್ತಿದ್ದವನು ನಾನೇ. ಒಂದು ಸಲವೂ ತಪ್ಪಿಸಿರಲಿಲ್ಲ.

ಮನೆಯ ಹಿನ್ನೆಲೆ

ನಾವು ನಾಲ್ಕು ಜನ. ಮಗಳು 2014ರಲ್ಲಿ ಹುಟ್ಟಿದಳು, ಮಗ 2018ರಲ್ಲಿ. ಇಬ್ಬರ ನಡುವೆ ಕಾನೂನು ಬದಲಾಗಿತ್ತು. ಮಗಳು ಹುಟ್ಟಿದಾಗ ಹೆರಿಗೆ ರಜೆ 12 ವಾರ. 2017ರ ತಿದ್ದುಪಡಿಯಿಂದ ಅದು 26 ವಾರವಾಗಿ, ಮಗನ ಪಾಲಿಗೆ ಅವನ ಅವ್ವ ಆರು ತಿಂಗಳು ಮನೆಯಲ್ಲಿದ್ದಳು. ಮಗಳನ್ನು ಮೂರು ತಿಂಗಳಿಗೇ ಬಿಟ್ಟು ಡ್ಯೂಟಿಗೆ ಹೋದದ್ದನ್ನು ಅವಳು ಇವತ್ತಿಗೂ ಮಗಳ ಮುಂದೆ ಹೇಳಲ್ಲ. ನನ್ನ ಮುಂದೆ ಹೇಳುತ್ತಾಳೆ. ಅದೇ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳ ಪಾಲನಾ ಕೊಠಡಿ ಇರಬೇಕು ಅಂತಲೂ ಬಂತು. ಅವಳ ಆಸ್ಪತ್ರೆಯಲ್ಲಿ ಡಾಕ್ಟರು, ಆಯಾ, ವಾಚ್‌ಮನ್ ಎಲ್ಲ ಸೇರಿಸಿದರೂ ನಲವತ್ತು ದಾಟುವುದಿಲ್ಲ. ಹಾಗಾಗಿ ಆ ಕಾನೂನು ನಮ್ಮ ಓಣಿಗೆ ಬರಲಿಲ್ಲ. ಪಕ್ಕದ ಮನೆಯ ಅಕ್ಕೋರು ಸರ್ಕಾರಿ ಶಾಲೆಯಲ್ಲಿದ್ದಾರೆ. 2021ರಿಂದ ರಾಜ್ಯ ಸರ್ಕಾರಿ ನೌಕರಿಯ ಹೆಂಗಸರಿಗೆ ಮಕ್ಕಳ ಆರೈಕೆಗೆ ಒಟ್ಟು 180 ದಿನದ ರಜೆ ಉಂಟು. ಒಂದೇ ಕಾಂಪೌಂಡ್ ಗೋಡೆ, ಎರಡು ಲೋಕ.

ಆಸ್ಪತ್ರೆಯಲ್ಲಿ ಮೂರು ಪಾಳಿ. ಬೆಳಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ವಾರಕ್ಕೊಮ್ಮೆ ಬದಲು. ನನ್ನ ಕೆಲಸಕ್ಕೆ ಪಾಳಿ ಇಲ್ಲ, ತಾರೀಖು ಇವೆ: 7ಕ್ಕೆ ಮೂಲದಲ್ಲೇ ಹಿಡಿದ ತೆರಿಗೆಯಾದ ಟಿಡಿಎಸ್, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್ 1, 20ಕ್ಕೆ 3ಬಿ, ಜುಲೈ 31ಕ್ಕೆ ಆದಾಯ ತೆರಿಗೆ. ಅವಳ ನೈಟ್ ಡ್ಯೂಟಿ ವಾರವೂ ನನ್ನ 20ನೇ ತಾರೀಖೂ ಒಟ್ಟಿಗೆ ಬಿದ್ದರೆ ಮನೆ ದೇವರೇ ಗತಿ.

ಈಗ ಅವ್ವನ ವಿಷಯ. ಇದು ಬಾಗಲಕೋಟೆಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಘಟಪ್ರಭೆ ದಂಡೆಯ ನಮ್ಮ ಹಳೇ ಊರಿನ ತಗ್ಗಿನ ಭಾಗಗಳು ಹೋದವು. ಜನರಿಗಾಗಿ ಕೆಲವು ಕಿಲೋಮೀಟರ್ ಆಚೆ ನವನಗರ ಕಟ್ಟಿದರು. ಅದರ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಇದ್ದರು. ಅಗಲ ರಸ್ತೆ, ನಂಬರು ಹಾಕಿದ ಸೆಕ್ಟರು, ಎಲ್ಲ ಚೆಂದ. ಆದರೆ ಒಂದೇ ಅಂಗಳದ ಸುತ್ತ ಇದ್ದ ಮೂರು ನಾಲ್ಕು ಸಂಸಾರಗಳು ಮೂರು ನಾಲ್ಕು ಸೆಕ್ಟರಿಗೆ ಹಂಚಿಹೋದವು. ನಾನು ಚಿಕ್ಕವನಿದ್ದಾಗ ಅವ್ವ ಹೊಲಕ್ಕೆ ಹೋದರೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಯೇ ಇರಲಿಲ್ಲ. ಅಂಗಳದಲ್ಲಿ ಯಾರಿರುತ್ತಿದ್ದರೋ ಅವರು ನೋಡುತ್ತಿದ್ದರು.

ನಮ್ಮ ಹಳೇ ಮನೆ ಎತ್ತರದಲ್ಲಿತ್ತು, ಮುಳುಗಲಿಲ್ಲ. ಅವ್ವ ಅಲ್ಲೇ ಉಳಿದಳು. ಅಪ್ಪ ಹೋದ ಮೇಲೆ ನವನಗರಕ್ಕೆ ಕರೆತಂದೆವು. ಮೂರು ತಿಂಗಳಿದ್ದಳು. "ಇಲ್ಲಿ ಮಾತಾಡಾಕ ಬರೇ ಗ್ವಾಡಿ ಅದಾವ" ಅಂದು ವಾಪಸು ಹೋದಳು.

ಅದಕ್ಕೂ ಮೊದಲು, ನಡುವೆ, ಆಮೇಲೆ ನಾವು ಮಾಡಿ ನೋಡಿದ್ದು ಬಹಳ. ಹತ್ತಿರದ ಹಳ್ಳಿಯಿಂದ ಒಬ್ಬ ಅಕ್ಕ ಬಂದು ಮಗನನ್ನು ನೋಡಿಕೊಳ್ಳುತ್ತಿದ್ದರು. ಒಳ್ಳೆಯವರು. ಅವರ ಊರಲ್ಲಿ ಪಂಚಾಯ್ತಿಯ ಕೂಸಿನ ಮನೆ ಶುರುವಾಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು 2023ರಲ್ಲಿ ಸರ್ಕಾರ ತಂದ ಯೋಜನೆ ಅದು. ಅಲ್ಲಿ ನೋಡಿಕೊಳ್ಳುವವರಲ್ಲಿ ಅವರೂ ಒಬ್ಬರಾದರು. ಊರಲ್ಲೇ ಕೆಲಸ ಸಿಕ್ಕರೆ ಯಾರು ಬಸ್ ಹತ್ತಿ ಬರುತ್ತಾರೆ? ಹಳ್ಳಿಯ ಕೂಸಿಗೆ ಮನೆ ಸಿಕ್ಕಿತು, ಪ್ಯಾಟಿ ಕೂಸಿಗೆ ಇದ್ದ ಅಕ್ಕನೂ ಹೋದರು ಅಂತ ನಾವು ನಕ್ಕೆವು. ಆಮೇಲೆ ನಗು ನಿಂತಿತು.

ಬೆಳಗಿನ ಪಾಳಿಯನ್ನೇ ಕಾಯಂ ಕೊಡಿ ಅಂತ ಹೆಂಡತಿ ಮೇಟ್ರನ್ ಹತ್ತಿರ ಕೇಳಿದಳು. ನಾಲ್ಕು ತಿಂಗಳು ಕೊಟ್ಟರು. ಉಳಿದ ನರ್ಸುಗಳಿಗೂ ಮಕ್ಕಳಿದ್ದವು. ಅವರು ತಕರಾರು ತೆಗೆದರು. ನ್ಯಾಯವಾಗಿಯೇ ತೆಗೆದರು ಅಂತ ಅವಳೇ ಹೇಳುತ್ತಾಳೆ.

ಕೆಲಸ ಬಿಡು ಅಂದವರು ಇಬ್ಬರು: ನನ್ನ ಅಕ್ಕ ಮತ್ತು ನಾನು. ಮನೆ ಸಾಲದ ಕಂತು ಹೋಗುವುದು ಅವಳ ಪಗಾರದಿಂದ. ಲೆಕ್ಕದವನಾದ ನಾನು ಅದನ್ನು ಮರೆತು ಮಾತಾಡಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: "ನಿಮ್ಮ ಆಫೀಸ್ ಬಂದ್ ಮಾಡ್ರಿ ಅಂತ ನಾ ಒಂದ್ ದಿನಾರ ಕೇಳೀನೇನ್ರಿ?"

ಅಂದು ರಾತ್ರಿ

ಮಗನಿಗೆ ವೈರಲ್ ಜ್ವರ, ಮೂರು ದಿನದಲ್ಲಿ ಇಳಿಯಿತು. ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಮಕ್ಕಳು ಮಲಗಿದ ಮೇಲೆ ಒಂದೇ ಮಾತು ಕೇಳಿದಳು. "ಸಾಲಿ ಫೋನ್ ನಂಗ, ಆಟೋದವನ ಫೋನ್ ನಂಗ, ಗ್ಯಾಸಿಂದು ನಂಗ, ಅತ್ತಿ ಗುಳಿಗಿ ಖಾಲಿ ಆದ್ರ ನಂಗ. ನಿಮಗ ಮನಿಯಿಂದ ಯಾವ ಫೋನ್ ಬರತೈತ್ರಿ?"

ಯೋಚಿಸಿದೆ. ಅವಳು ಮಾಡುವ ಫೋನೊಂದು ಬರುತ್ತಿತ್ತು: ಬರುವಾಗ ಇಂಥದ್ದು ತನ್ನಿ ಅಂತ.

ಅಲ್ಲಿಯವರೆಗೆ ನಾನು ಒಳ್ಳೆಯ ಗಂಡ ಅಂದುಕೊಂಡಿದ್ದೆ. 2019ರ ದೇಶದ ಸಮಯ ಬಳಕೆ ಸಮೀಕ್ಷೆಯ ಅಂಕಿ ನನಗೆ ಗೊತ್ತಿತ್ತು. ಪಗಾರವಿಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಆ ಕೆಲಸ ಮಾಡಿದವರ ಸರಾಸರಿ ಮಾತ್ರ. ಆ ಕೆಲಸಕ್ಕೆ ಕೈಹಾಕಿದ ಗಂಡಸರೇ ನೂರಕ್ಕೆ 26 ಜನ, ಹೆಂಗಸರು 81. ನಾನು ಆ 26ರೊಳಗಿನವನು ಅಂತ ಹೆಮ್ಮೆಯಿತ್ತು. ಹಾಲು ತರುತ್ತಿದ್ದೆ, ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದೆ, ಭಾನುವಾರ ಸಂತೆ ನನ್ನದೇ. ಆದರೆ ಯಾವುದನ್ನು ಯಾವಾಗ ಮಾಡಬೇಕು ಅಂತ ನೆನಪಿಡುವ ಕೆಲಸಕ್ಕೆ ನಿಮಿಷದ ಲೆಕ್ಕ ಎಲ್ಲಿ ಹಾಕುತ್ತಾರೆ? ವಾರ್ಡಿನಲ್ಲಿ ಸಲೈನ್ ಹಚ್ಚುತ್ತಲೇ ಅವಳು ಗುರುವಾರಕ್ಕೆ ಮಗಳಿಗೆ ಡ್ರಾಯಿಂಗ್ ಶೀಟು ಬೇಕು ಅಂತ ನೆನಪಿಡುತ್ತಿದ್ದಳು. ನಾನು ಹೇಳಿದ ಮೇಲೆ ತಂದುಕೊಡುವ ಆಳು.

ಮರುದಿನ ಶಾಲೆಗೆ ಹೋಗಿ ಮೊದಲ ನಂಬರು ನನ್ನದು ಮಾಡಿಸಿದೆ. ಅವಳದು ಎರಡನೆಯದಾಯಿತು. ಅಪ್ಪನ ನಂಬರಿಗೆ ಗೆರೆ ಎಳೆಯಲು ಕ್ಲರ್ಕ್ ಪೆನ್ನು ಎತ್ತಿದರು. ಯಾಕೋ "ಇರಲಿ ಬಿಡ್ರಿ, ಆಮ್ಯಾಲೆ ಹೇಳ್ತೀನಿ" ಅಂದೆ. ಆಟೋದವನಿಗೆ, ಗ್ಯಾಸಿನವರಿಗೆ, ಔಷಧಿ ಅಂಗಡಿಗೆ, ಶಾಲೆಯ ವಾಟ್ಸಾಪ್ ಗುಂಪಿಗೆ, ಎಲ್ಲ ಕಡೆ ನನ್ನ ನಂಬರು ಕೊಟ್ಟೆ.

ಕಿರ್ದಿ

ನನಗೆ ಬರೆದಿಡದೆ ಏನೂ ಅರ್ಥವಾಗಲ್ಲ. ಹಳೇ ವ್ಯಾಪಾರಿಗಳು ದಿನದ ವಹಿವಾಟು ಬರೆಯುವ ಕಿರ್ದಿಯ ಹಾಗೆ ಒಂದು ನೋಟ್‌ಬುಕ್ ಮಾಡಿ, ಮನೆಯ ಸಲುವಾಗಿ ಬಂದ ಒಂದೊಂದು ಫೋನನ್ನೂ ಮೆಸೇಜನ್ನೂ ಬರೆದೆ. ಹದಿನಾಲ್ಕು ದಿನಕ್ಕೆ 63. ಅಷ್ಟೇನಾ ಅನ್ನಿಸಬಹುದು. ಒಂದೊಂದೂ ಎರಡು ನಿಮಿಷದ್ದು. ಆದರೆ ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರ ಖರೀದಿ ಬಿಲ್ಲುಗಳನ್ನು ತಾಳೆ ನೋಡುತ್ತಿರುವಾಗ ಎರಡು ನಿಮಿಷ ಎದ್ದರೆ ಮತ್ತೆ ಮೊದಲ ಬಿಲ್ಲಿನಿಂದ ಶುರು. ಆಟೋದವನಿಗೆ ನಾಳೆ ಜಾತ್ರೆ, ಬರಲ್ಲ. ಮಗನ ನೀರಿನ ಬಾಟಲಿ ಕಳೆದಿದೆ. ಶುಕ್ರವಾರ ಹಸಿರು ಬಟ್ಟೆ ಹಾಕಿ ಕಳಿಸಿ. ಅವ್ವನ ಬಿಪಿ ಗುಳಿಗೆ ಆ ಕಂಪನಿಯದು ಇಲ್ಲ, ಬೇರೆಯದು ನಡೆಯುತ್ತದಾ?

ಆ ಶುಕ್ರವಾರ ಮಗ ಹಳದಿ ಅಂಗಿಯಲ್ಲಿ ಹೋದ. ಇಡೀ ತರಗತಿಯ ಫೋಟೋದಲ್ಲಿ ಎದ್ದು ಕಾಣುತ್ತಾನೆ.

ಮಾರ್ಚಿನಲ್ಲಿ ಇನ್ನೂ ಕೆಟ್ಟಿತು. ಆ ಗ್ರಾನೈಟ್ ವ್ಯಾಪಾರಿಯ 3ಬಿ ಎರಡು ದಿನ ತಡವಾಯಿತು. ತೆರಿಗೆ ಪೂರ್ತಿ, ಖರೀದಿಯಲ್ಲಿ ಮೊದಲೇ ಕೊಟ್ಟ ತೆರಿಗೆಯ ಕ್ರೆಡಿಟ್‌ನಲ್ಲೇ ಹೊಂದಿದ್ದರಿಂದ ಬಡ್ಡಿ ಬೀಳಲಿಲ್ಲ, ದಿನಕ್ಕೆ 50ರಂತೆ ನೂರು ರೂಪಾಯಿ ತಡದ ಶುಲ್ಕ. ಕೈಯಿಂದ ಕಟ್ಟಿದೆ. ಹದಿಮೂರು ವರ್ಷದಲ್ಲಿ ಮೊದಲ ಸಲ. ಆ ನೂರು ರೂಪಾಯಿಯನ್ನು ಕಿರ್ದಿಯಲ್ಲೇ ಬರೆದೆ. ಇಂಥ ದಂಡವನ್ನು ಅವಳು ಇಷ್ಟು ವರ್ಷ ಯಾವ ಪುಸ್ತಕದಲ್ಲಿ ಬರೆದಳೋ. ಎರಡು ಸಲ ಡ್ಯೂಟಿಗೆ ತಡವಾಗಿ ಮೆಮೋ ತಗೊಂಡಿದ್ದಳು ಅನ್ನೋದು ಆ ವಾರವೇ ನನಗೆ ಗೊತ್ತಾದದ್ದು. ನಾನು ಮೊದಲೆಂದೂ ಕೇಳಿರಲಿಲ್ಲ.

ಅವಳಿಗೆ ಇದರಿಂದ ತಕ್ಷಣ ಖುಷಿಯಾಯಿತಾ? ಇಲ್ಲ. ಮೊದಲ ತಿಂಗಳು ಅವಳಿಗೆ ನನಗಿಂತ ಕಷ್ಟವಾಯಿತು. ಲಾಕರ್ ತೆಗೆದರೆ ಫೋನು ಖಾಲಿ. "ಏನೂ ಬಂದಿಲ್ಲ ಅಂದ್ರ ಜಾಸ್ತಿ ಅಂಜಿಕಿ ಬರತೈತಿ" ಅನ್ನುತ್ತಿದ್ದಳು. ಊಟದ ಬಿಡುವಿನಲ್ಲಿ ನನಗೆ ಫೋನ್: ಆಟೋ ಬಂದಿತ್ತಾ, ಡಬ್ಬಿ ಖಾಲಿ ಮಾಡಿದ್ದನಾ? ನಾನು ಸಿಡುಕಿದೆ. ಕೆಲಸ ಕೊಟ್ಟ ಮೇಲೆ ಬಿಡಬೇಕಲ್ವಾ ಅಂದೆ. ಅವಳೂ ಸಿಡುಕಿದಳು: ಬಿಡುವ ಹಾಗೆ ಮಾಡಿ ತೋರಿಸಿ ಅಂದಳು. ಹಳದಿ ಅಂಗಿಯ ಫೋಟೋ ಅವಳ ಕೈಯಲ್ಲೇ ಇತ್ತು. ನಾನು ಸುಮ್ಮನಾದೆ.

ಕೊನೆಗೆ ಒಂದು ಭಾಗ ಅವಳು ವಾಪಸು ತಗೊಂಡಳು. ಡಾಕ್ಟರು, ಔಷಧಿ, ಅವ್ವನ ಗುಳಿಗೆ ಅವಳದು. ಅದರಲ್ಲಿ ನಾನು ಕೈಹಾಕಿದರೆ ಅಪಾಯ ಅಂತ ಇಬ್ಬರಿಗೂ ಗೊತ್ತಿತ್ತು. ಶಾಲೆ, ಆಟೋ, ಗ್ಯಾಸು, ಕಿರಾಣಿ ನನ್ನದು. ರೊಟ್ಟಿ ಮಾತ್ರ ಯಾರದೂ ಅಲ್ಲ. ನೈಟ್ ಡ್ಯೂಟಿ ವಾರದಲ್ಲಿ ನಮ್ಮ ಸೆಕ್ಟರಿನಲ್ಲೇ ಮನೆಯಿಂದ ರೊಟ್ಟಿ ಮಾರುವ ಅಕ್ಕನ ಹತ್ತಿರ ಖಡಕ್ ರೊಟ್ಟಿ ತರುತ್ತೇವೆ. ಅವ್ವನಿಗೆ ಇದನ್ನು ಹೇಳಿರಲಿಲ್ಲ. ಮಗ ಹೇಳಿದ.

ಹೋಳಿ

ಆ ವರ್ಷದ ಹೋಳಿ ಮಾರ್ಚ್ ಕೊನೇ ವಾರ ಬಂತು. ಬಾಗಲಕೋಟೆಯ ಹೋಳಿ ಒಂದು ದಿನದ್ದಲ್ಲ. ಹಲಗೆ ಸದ್ದು ಅದಕ್ಕೂ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಆಮೇಲೆ ಬಣ್ಣದಾಟವೇ ಮೂರು ದಿನ. ಬಂಡಿಗಳ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ಓಣಿಯವರು ಹೊರಡುತ್ತಾರೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಬಣ್ಣ ಬಿದ್ದವರು, ಜಾರಿ ಬಿದ್ದವರು. ಅಂಥಾ ದಿನ ನರ್ಸಿಗೆ ರಜೆ ಕೇಳುವುದೇ ತಪ್ಪು. ನನಗೆ ಮಾರ್ಚ್ ಎಂಡ್. ಶಾಲೆಗೆ ರಜೆ. ಹಿಂದಿನ ವರ್ಷ ಇದೇ ಹೊತ್ತಿಗೆ ಮಕ್ಕಳನ್ನು ಮನೆಯೊಳಗೆ ಕೂಡಿ ಹಾಕಿ ಟಿವಿ ಹಚ್ಚಿಟ್ಟಿದ್ದೆವು.

ಈ ಸಲ ಅವ್ವನನ್ನು ನವನಗರಕ್ಕೆ ಕರೆಯಲಿಲ್ಲ. ಮಕ್ಕಳನ್ನೇ ಹಳೇ ಊರಿಗೆ ಬಿಟ್ಟೆವು. ಇಷ್ಟು ಸರಳ ಮಾತು ಎಷ್ಟು ವರ್ಷ ಹೊಳೆದಿರಲಿಲ್ಲ! ಅವ್ವ ಬರಬೇಕು ಅಂತಲೇ ನಾವು ಕೂತಿದ್ದೆವು. ಅಲ್ಲಿ ಕಟ್ಟೆ ಇದೆ, ಅಕ್ಕಪಕ್ಕದ ಆಯಿಗಳಿದ್ದಾರೆ, ಮಗಳಿಗೆ ಹಲಗೆ ಬಾರಿಸಲು ಕೊಡುವ ಹುಡುಗರಿದ್ದಾರೆ. ಮೂರನೇ ದಿನ ಸಂಜೆ ಹೋದಾಗ ಮಗಳ ಅಂಗೈ ಕೆಂಪಾಗಿತ್ತು, ಮಗನ ಕಿವಿಯೊಳಗೂ ಬಣ್ಣ. ಹೆಂಡತಿ ಡ್ಯೂಟಿ ಮುಗಿಸಿ ಅಲ್ಲಿಗೇ ಬಂದಳು. ಅವ್ವ ಝುಣಕ, ರೊಟ್ಟಿ ಮಾಡಿದ್ದಳು. ಬಡಿಸುತ್ತಾ ಸೊಸೆಗೆ ಮಾತ್ರ ಹೇಳುವಂತೆ, ಆದರೆ ನನಗೂ ಕೇಳುವಂತೆ ಅಂದಳು: "ರೊಟ್ಟಿ ರೊಕ್ಕ ಕೊಟ್ಟು ತರ್ತೀರಂತ? ತರ್ರಿ. ಕೈಗೂ ಒಂದ್ ರಜಾ ಬೇಕು." ಅವಳ ಬಾಯಲ್ಲಿ ಈ ಮಾತು ನಾವಿಬ್ಬರೂ ನಿರೀಕ್ಷಿಸಿರಲಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ನೈಟ್ ಡ್ಯೂಟಿ ವಾರದ ಶುಕ್ರವಾರ ಮತ್ತು ಶನಿವಾರ ಮಕ್ಕಳು ಹಳೇ ಮನೆಯಲ್ಲಿ. ಅವ್ವ ಬಸ್ಸಿನಲ್ಲಿ ಬಂದು ಕರೆದೊಯ್ಯುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ಪುಕ್ಕಟೆಯಲ್ಲವೇ? ಅವ್ವನಿಗೂ ಮಗಳಿಗೂ ಶೂನ್ಯ ರೂಪಾಯಿಯ ಚೀಟಿ. ಮಗನಿಗೆ ಆರು ತುಂಬಿದ ಮೇಲೆ ಅರ್ಧ ಟಿಕೆಟ್. ಮೂವರಲ್ಲಿ ರೊಕ್ಕ ಕೊಡುವವನು ಅವನೊಬ್ಬನೇ. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡು ಬರುತ್ತಾನೆ. ಆ ಟಿಕೆಟ್ಟುಗಳನ್ನು ನನ್ನ ಆಫೀಸಿನ ಸ್ಟೇಪ್ಲರಿನಿಂದ ಪಿನ್ ಮಾಡಿ, "ಪಪ್ಪಾ, ಇವು ನನ್ನ ಬಿಲ್" ಅಂತ ಫೈಲಿನಲ್ಲಿಡುತ್ತಾನೆ. ಮಕ್ಕಳು ಶಾಲೆ ಬಿಟ್ಟು ಆಫೀಸಿಗೇ ಬರುವ ದಿನಗಳಲ್ಲಿ ನನ್ನ ಕೆಲಸ ಹಿಂದೆ ಬೀಳುತ್ತದೆ, ಸುಳ್ಳು ಹೇಳಲ್ಲ. ಆದರೆ ಮಗಳು ಕ್ಯಾಲ್ಕುಲೇಟರ್ ಇಲ್ಲದೆ ಬಿಲ್ಲಿನ ಮೊತ್ತ ಕೂಡಿಸಿ ನನ್ನ ತಪ್ಪು ಹಿಡಿದ ದಿನ, ಆ ಹಿಂದೆ ಬಿದ್ದದ್ದು ಲೆಕ್ಕಕ್ಕೆ ಬರಲಿಲ್ಲ.

ಈಗ

ಎಲ್ಲ ಸರಿಹೋಗಿಲ್ಲ. ಜುಲೈ ಬಂದರೆ ನಾನು ಮನೆಯಲ್ಲಿ ಇದ್ದೂ ಇಲ್ಲದವನು. ಆ ತಿಂಗಳು ಶಾಲೆಯ ಗುಂಪಿನ ಮೆಸೇಜನ್ನು ಅವಳೇ ನೋಡುತ್ತಾಳೆ, ಹಲ್ಲು ಕಚ್ಚಿಕೊಂಡು. ಅವ್ವ ಇವತ್ತಿಗೂ ಗುಳಿಗೆ ಬಿಟ್ಟು ಬೇರೆ ವಿಷಯಕ್ಕೂ ಸೊಸೆಗೇ ಫೋನ್ ಮಾಡುತ್ತಾಳೆ. "ಅವಗೇನ್ ತಿಳೀತೈತಿ" ಅನ್ನುವುದು ಕಾರಣ. ಹೆಂಡತಿಗೆ ಇನ್‌ಚಾರ್ಜ್ ಸಿಸ್ಟರ್ ಆಗುತ್ತೀಯಾ ಅಂತ ಕೇಳಿದ್ದಾರೆ. ನೈಟ್ ಡ್ಯೂಟಿ ಇರುವುದಿಲ್ಲ. ಆದರೆ ಯಾರಾದರೂ ಬರದಿದ್ದರೆ ಫೋನು ಅವಳಿಗೆ, ಯಾವ ಹೊತ್ತಾದರೂ ಸರಿ. ಅವಳಿನ್ನೂ ಹೂಂ ಅಂದಿಲ್ಲ. ನಾನು ಈ ಸಲ ಸಲಹೆ ಕೊಡಲು ಹೋಗಿಲ್ಲ.

ಆಗಸ್ಟಿನಲ್ಲಿ ಮಗನಿಗೆ ಶಾಲೆಯಲ್ಲಿ ಮತ್ತೆ ಜ್ವರ ಬಂತು. 11.40ಕ್ಕೆ ನನಗೆ ಫೋನ್. ಹನ್ನೆರಡರೊಳಗೆ ಅವನು ನನ್ನ ಆಫೀಸಿನಲ್ಲಿ, ಫೈಲುಗಳ ಪಕ್ಕ ಹಾಸಿದ ಚಾಪೆಯ ಮೇಲೆ ಮಲಗಿದ್ದ. ಎರಡೂವರೆಗೆ ಅವಳು ಫೋನ್ ಮಾಡಿದಾಗ ವಿಷಯ ಹೇಳಿದೆ. ಔಷಧಿ ಎಷ್ಟು ಕೊಟ್ಟಿರಿ ಅಂತ ಕೇಳಿದಳು. ಬಾಟಲಿ ಮೇಲೆ ಅವಳೇ ಬರೆದಿಟ್ಟಷ್ಟು ಅಂದೆ. "ಹಂಗಾರ ಚಹಾ ಕುಡದ ಬರ್ತೀನಿ" ಅಂದಳು. ಅವಳು ಡ್ಯೂಟಿ ಮುಗಿಸಿ ಗೆಳತಿಯರ ಜೊತೆ ಕೂತು ಚಹಾ ಕುಡಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವಾರವೇ ಅವ್ವನ ಟ್ರಂಕು ತೆಗೆಸಿದೆ. ಫೋನು ಹೊರಬಂತು. "ಅದು ನಿಮ್ಮಪ್ಪನ ನಂಬರ್, ನಾ ಹೆಂಗ ಎತ್ತಲಿ" ಅಂದಳು. ಒಂದು ದಿನ ಹಾಗೇ ಗೂಡಿನಲ್ಲಿ ಚಾರ್ಜಿಗಿತ್ತು. ಹಸಿರು ಗುಂಡಿ ಯಾವುದು ಅಂತ ಮೊಮ್ಮಗಳು ತೋರಿಸಿದಳು. ಮರುದಿನ ನಾನು ಶಾಲೆಗೆ ಹೋದೆ. ಫಾರ್ಮಿನಲ್ಲಿ ಅಪ್ಪನ ಹೆಸರು ಹೊಡೆದು ಅವ್ವನ ಹೆಸರು ಬರೆಸಿದೆ. ನಂಬರು ಅದೇ. ಕ್ಲರ್ಕಿಗೆ ನಂಬಿಕೆ ಬರಲಿಲ್ಲವೇನೋ, ನನ್ನ ಮುಂದೆಯೇ ಡಯಲ್ ಮಾಡಿದರು. ನಾಲ್ಕು ರಿಂಗಿನ ಮೇಲೆ ಆ ಕಡೆಯಿಂದ ಬೇಕಾದದ್ದಕ್ಕಿಂತ ಜೋರಾದ ದನಿ ಬಂತು:

"ಹಲೋ, ಯಾರ್ರೀ? ಹುಡುಗ ಅರಾಮ ಅದಾನಿಲ್ರಿ?"